ವಿಜ್ಞಾನನೀತಿಯೂ ಸಾಸ್ವೆಹಳ್ಳಿಯ ಏತ ನೀರಾವರಿಯೂ

1958ರ ಮಾರ್ಚ್ 4ರ ಭಾರತದ ವಿಜ್ಞಾನನೀತಿ ನಿರ್ಣಯವು ಸಂಶೋಧನೆಗೂ ವಿಜ್ಞಾನಿಗಳ ತರಬೇತಿಗೂ ಪ್ರಾಶಸ್ತ್ಯವಿತ್ತು, ಜ್ಞಾನದ ಫಲವು ಜನತೆಗೆ ಲಭಿಸಬೇಕೆಂದೂ ಸಾರಿತು. 2013ರ ನೀತಿಯು ನಾವೀನ್ಯವನ್ನು ಸೇರಿಸಿಕೊಂಡು, ಸಂಶೋಧನೆಯ ವೆಚ್ಚವನ್ನು ಒಟ್ಟು ದೇಶೀಯ ಉತ್ಪನ್ನದ ಶೇಕಡಾ 2ಕ್ಕೆ ಏರಿಸುವ ಗುರಿಯನ್ನಿಟ್ಟಿತು. ಉದ್ದೇಶಗಳು ಶ್ಲಾಘ್ಯವೇ. ಆದರೆ ವೆಚ್ಚವೇ ಫಲದ ಅಳತೆಯಾಗದೆಂಬುದು ನಮ್ಮ ಆಕ್ಷೇಪ.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಏತ ನೀರಾವರಿಯನ್ನೇ ನೋಡೋಣ. ತುಂಗಭದ್ರೆಯ ನೀರನ್ನು ಪಂಪುಗಳಿಂದ ಮೇಲೆತ್ತಿ ಕೆರೆಗಳನ್ನು ತುಂಬಿಸುವುದು ಆ ಯೋಜನೆಯ ಉದ್ದೇಶ. ಈ ತಂತ್ರವೇನೂ ಹೊಸದಲ್ಲ. ಅದರ ಬಾಳಿಕೆಗೆ ಆಧಾರವಾದುವು ವಿದ್ಯುತ್ತು, ದುರಸ್ತಿ, ಹೂಳೆತ್ತಿ ನೀರು ಹಂಚುವ ಗ್ರಾಮವ್ಯವಸ್ಥೆ. ಆದುದರಿಂದ ನೀತಿಗೆ ಬೆಲೆ ಕಟ್ಟುವಾಗ, ಕೆಟ್ಟುನಿಂತ ಯಂತ್ರವನ್ನು ಮತ್ತೆ ನಡೆಸಬಲ್ಲವರು ಹಳ್ಳಿಯ ಸಮೀಪದಲ್ಲಿರುವರೇ ಎಂಬುದನ್ನೂ ಕೇಳಬೇಕೆಂದು ನಾವು ಭಾವಿಸುತ್ತೇವೆ.