‘ಬರ’ ಚಿತ್ರ ಮತ್ತು ಬದಲಾದ ಮಳೆ

ಎಂ. ಎಸ್. ಸತ್ಯು ಅವರ ‘ಬರ’ (೧೯೮೨) ಚಿತ್ರವನ್ನು ಇಂದು ಮತ್ತೆ ನೋಡಿದರೆ ಒಂದು ಪ್ರಶ್ನೆ ಏಳದಿರದು. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಮುಗಿಲು ಕೈಕೊಟ್ಟದ್ದಕ್ಕಿಂತ ಮನುಷ್ಯ ಕೈಕೊಟ್ಟದ್ದೇ ಹೆಚ್ಚು. ಜಿಲ್ಲೆಯನ್ನು ಬರಪೀಡಿತವೆಂದು ಸಾರಿಸಲು ಅಧಿಕಾರಿ ಹೆಣಗುತ್ತಾನೆ. ರಾಜಕಾರಣ ಅಡ್ಡ ನಿಲ್ಲುತ್ತದೆ. ಭೂಮಿಯೇ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಆ ವಾದಕ್ಕೆ ಬೆಲೆಯುಂಟೆ?

ಉಂಟೆಂದೇ ನಮ್ಮ ಅಭಿಪ್ರಾಯ. ಮಳೆ ಎಂದೂ ಪಂಕ್ತಿಭೇದವಿಲ್ಲದೆ ಬಡಿಸಿದ್ದಲ್ಲ. ಪಡುವಣ ಗಾಳಿ ಸಹ್ಯಾದ್ರಿಯನ್ನೇರುತ್ತ ತಣಿದು ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿ.ಮೀ.ಗೂ ಮಿಕ್ಕಿ ಸುರಿಸುತ್ತದೆ. ಬೆಟ್ಟ ದಾಟಿ ಬರಿದಾದ ಮೇಲೆ ಚಳ್ಳಕೆರೆಗೆ ಉಳಿಯುವುದು ೫೦೦ರ ಆಸುಪಾಸು. ಮುಂಬಯಿ, ಪುಣೆಗಳ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಘಟ್ಟದ ಕೆಳಗೆ ೨೨೦೦ ಮಿ.ಮೀ., ಮೇಲೆ ಸುಮಾರು ಅದರ ಮೂರನೆಯ ಒಂದು ಪಾಲು.

ಈ ಹಳೆಯ ಭೇದಕ್ಕೆ ಹೊಸದೊಂದು ಸೇರಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ ೭ರಷ್ಟು ಹೆಚ್ಚು ತೇವ ಹಿಡಿಯಬಲ್ಲದು; ಸುರಿಸುವಾಗ ಒಮ್ಮೆಲೇ ಸುರಿಸೀತು. ಮಧ್ಯ ಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು ೧೯೫೦ರಿಂದ ೨೦೧೫ರೊಳಗೆ ಸುಮಾರು ಮೂರು ಪಟ್ಟಾದವು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ೯೪೪ ಮಿ.ಮೀ. ಮಳೆ ಬಿತ್ತು. ಒಂದು ದಿನದ ಮಳೆಗೆ ತಾಪವೊಂದನ್ನೇ ಹೊಣೆ ಮಾಡಲಾಗದು. ಆದರೆ ಅಂಥ ದಿನಗಳಿಗೆ ಅದು ದಾರಿ ಸುಗಮ ಮಾಡುತ್ತದೆ. ನಮ್ಮ ನಾಡಿನಲ್ಲಿಯೂ ೨೦೧೯ರಲ್ಲಿ ಬೆಳಗಾವಿ, ಬಾಗಲಕೋಟೆಗಳನ್ನು ನೆರೆ ಮುಳುಗಿಸಿತು. ೨೦೨೩ರಲ್ಲಿ ಬಹುಪಾಲು ತಾಲ್ಲೂಕುಗಳು ಬರಪೀಡಿತವಾದವು.

‘ಬರ’ದ ಮಿತಿ ಇರುವುದು ಇಲ್ಲಿ. ಮಳೆಯ ಇಲ್ಲದಿಕೆಯನ್ನು ಅದು ಬಲ್ಲದು, ಅತಿರೇಕವನ್ನಲ್ಲ. ವರ್ಷದ ಸರಾಸರಿ ಸರಿಯಿದ್ದೂ ಬೆಳೆ ಒಣಗುವ, ಒಣಗಿದ ಹೊಲವೇ ಕೊಚ್ಚಿಹೋಗುವ ಈ ಕಾಲದ ಕಥೆಗೆ ಬೇರೆಯೇ ಚಿತ್ರ ಬೇಕು.

ಆದರೂ ಚಿತ್ರದ ತಿರುಳು ಹಳತಾಗಿಲ್ಲ. ಹಿಂದೆ ಹಣೆಬರಹವೆಂದು ಕೈತೊಳೆದುಕೊಳ್ಳುತ್ತಿದ್ದವರು ಈಗ ‘ಹವಾಮಾನ ಬದಲಾಗಿದೆ’ ಎನ್ನುತ್ತಾರೆ. ಮಾತು ನಿಜ, ನೆಪ ಮಾತ್ರ ಹಳೆಯದು. ಕೆರೆಯ ಹೂಳು ತೆಗೆಯದಿದ್ದುದು, ಪರಿಹಾರ ತಡವಾದುದು ಯಾವ ಮುಗಿಲಿನ ತಪ್ಪೂ ಅಲ್ಲ.

ಊರಿಗೆ ಫೋನು ಮಾಡಿದಾಗ ‘ಮಳೆ ಆಯಿತೆ?’ ಎಂದಷ್ಟೇ ಕೇಳುವುದು ನಮ್ಮ ರೂಢಿ. ಯಾವಾಗ ಬಂತು, ಎಷ್ಟು ದಿನ ನಿಂತಿತು, ಕೆರೆಯಲ್ಲಿ ಎಷ್ಟು ಉಳಿಯಿತು ಎಂದೂ ಇನ್ನು ಮುಂದೆ ಕೇಳೋಣ.