ಮಲೆನಾಡಿನ ಮೀನಿನ ತೊಟ್ಟಿಗೆ ಎಂಥ ಫಿಲ್ಟರ್?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಕ್ವೇರಿಯಂಗೆ ಫಿಲ್ಟರ್ ಕೊಳ್ಳುವವರು ಮೋಟಾರಿನ ಶಕ್ತಿ, ಡಬ್ಬಿಯ ಗಾತ್ರ ನೋಡುವ ಮೊದಲು ಬಾವಿನೀರನ್ನೂ ಮಳೆಗಾಲದ ಕರೆಂಟನ್ನೂ ನೆನೆಯಬೇಕು. ಮೀನು ಹೊರಬಿಡುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡಿ, ಆಮೇಲೆ ಅಷ್ಟು ವಿಷವಲ್ಲದ ನೈಟ್ರೇಟಿಗೆ ತಿರುಗಿಸುತ್ತವೆ. ಅವುಗಳಿಗೆ ಬೇಕಾದದ್ದು ಅಂಟಿಕೊಳ್ಳಲು ಜಾಗ ಮತ್ತು ಆಮ್ಲಜನಕವಿರುವ ನೀರು. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯ ಮಡುವಿನಲ್ಲಿ ತುಂಗಾ ಹೊಳೆಯ ಕಲ್ಲುಗಳ ಮೇಲಿನ ಲೋಳೆ ಮಾಡುವುದೂ ಇದೇ ಕೆಲಸ. ದುಬಾರಿ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಜಾಗ ಹೆಚ್ಚು ಎಂಬ ವಾದ ಸುಳ್ಳಲ್ಲ. ಆದರೆ ಬ್ಯಾಕ್ಟೀರಿಯಾ ಬೆಳೆಯುವುದು ಸಿಗುವ ಅಮೋನಿಯಾ ಎಷ್ಟೋ ಅಷ್ಟೇ. ಹತ್ತಾರು ಸಣ್ಣ ಮೀನುಗಳ ತೊಟ್ಟಿಗೆ ಎರಡು ಸ್ಪಂಜ್ ಫಿಲ್ಟರ್ ಧಾರಾಳ. ಆಗುಂಬೆ, ಹುಲಿಕಲ್ ಸುತ್ತ ಮಳೆ ಹಿಡಿದು ಲೈನಿನ ಮೇಲೆ ಮರ ಬಿದ್ದರೆ ಕ್ಯಾನಿಸ್ಟರಿನ ಮುಚ್ಚಿದ ಡಬ್ಬಿಯೊಳಗೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದು ಕೊಳೆ ಶುರುವಾಗುತ್ತದೆ. ಕರೆಂಟ್ ಬಂದೊಡನೆ ಆ ನಾತದ ನೀರು ಸೀದಾ ಮೀನಿನ ಮೇಲೆ. ಸ್ಪಂಜು ತೊಟ್ಟಿಯ ನೀರಿನಲ್ಲೇ ಇರುತ್ತದೆ, ಬ್ಯಾಟರಿಯ ಸಣ್ಣ ಏರ್ ಪಂಪ್ ಅದನ್ನು ನಡೆಸುತ್ತದೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ನೀರಿನ ಪ್ರಶ್ನೆ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಸುಮಾರು 7 ಗ್ರಾಂನಷ್ಟು ಕ್ಷಾರಗುಣ ಖರ್ಚಾಗುತ್ತದೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿಗೆ ಇದೊಂದು ಲೆಕ್ಕವೇ ಅಲ್ಲ. ಜಂಬಿಟ್ಟಿಗೆ ನೆಲದ ಬಾವಿಯ ಮೆದುನೀರಿನಲ್ಲಿ ಮಾತ್ರ ಆ ದಾಸ್ತಾನು ಮೊದಲೇ ಕಮ್ಮಿ. ಅದು ತೀರಿ ಪಿಎಚ್ 6ರ ಹತ್ತಿರ ಇಳಿದರೆ ಎಷ್ಟು ಬೆಲೆಯ ಫಿಲ್ಟರಿನಲ್ಲೂ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಕೆಲಸ ನಿಲ್ಲಿಸುತ್ತವೆ, ನೀರು ಮಾತ್ರ ತಿಳಿಯಾಗಿಯೇ ಕಾಣುತ್ತದೆ. ಹುಳಿನೀರಿನಲ್ಲಿ ಅಮೋನಿಯಾದ ಬಹುಪಾಲು ಅಷ್ಟು ಅಪಾಯವಿಲ್ಲದ ಅಮೋನಿಯಂ ಆಗಿರುತ್ತದೆ, ಗಾಬರಿ ಏಕೆ ಎನ್ನುವವರಿದ್ದಾರೆ. ಮಾತು ಸರಿಯೇ, ಪಿಎಚ್ ಏರದಿರುವವರೆಗೆ. ಯಾರೋ ಹೇಳಿದರೆಂದು ಚಿಟಿಕೆ ಸುಣ್ಣ ಹಾಕಿದರೆ ಪಿಎಚ್ ಒಮ್ಮೆಲೇ ಏರಿ, ಕೂಡಿಬಿದ್ದ ಅಮೋನಿಯಂ ಅಷ್ಟೂ ವಿಷವಾಗುವ ಕಡೆ ತಿರುಗುತ್ತದೆ. ಕಪ್ಪೆಚಿಪ್ಪು ಹಾಗಲ್ಲ: ತೊಳೆದು, ಒಡೆದು, ಬಲೆಚೀಲದಲ್ಲಿ ಕಟ್ಟಿ ಸ್ಪಂಜಿನ ಪಕ್ಕ ಇಟ್ಟರೆ ನೀರು ಹುಳಿಯಾದಷ್ಟೂ ಕರಗುತ್ತದೆ, ಹುಳಿ ತಗ್ಗಿದಾಗ ತಾನೇ ನಿಧಾನವಾಗುತ್ತದೆ. ಈ ಸೀಮೆಯ ತೊಟ್ಟಿಗೆ ಸ್ಪಂಜಿನ ಜೊತೆ ಇದನ್ನೂ ಸೇರಿಸಿಯೇ ಜೈವಿಕ ಫಿಲ್ಟರ್ ಎನ್ನಬೇಕೆಂಬುದು ನನ್ನ ನಿಲುವು.

ಬಳಕೆಯಲ್ಲಿ ಹೆಚ್ಚು ಕೆಡುವುದು ಅತಿ ಶುಚಿಯಿಂದ. ಸ್ಪಂಜನ್ನು ಪಟ್ಟಣದ ನಲ್ಲಿನೀರಿನಲ್ಲಿ ತೊಳೆದರೆ ಅದರ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು, ಅದರಲ್ಲಿ ಸ್ಪಂಜನ್ನು ನಾಲ್ಕು ಸಲ ಹಿಂಡಿದರೆ ಸಾಕು. ಎರಡು ಸ್ಪಂಜಿದ್ದರೆ ಎರಡನ್ನೂ ಒಂದೇ ದಿನ ಹಿಂಡಬಾರದು.