ಆಪರ್ಚುನಿಟಿಯ ಕಡೆಯ ಮಾತು: ಒಂದು ಆಧಾರವಿಮರ್ಶೆ

2004ರ ಜನವರಿಯಲ್ಲಿ ಮಂಗಳಗ್ರಹದ ಮೇಲಿಳಿದ ಆಪರ್ಚುನಿಟಿ ಎಂಬ ಅಮೆರಿಕದ ಸಂಚಾರಿಯಂತ್ರವು, 90 ಮಂಗಳದಿನಗಳ ಕಾರ್ಯಕ್ಕೆಂದು ನಿರ್ಮಿತವಾಗಿದ್ದರೂ, 45 ಕಿಲೋಮೀಟರುಗಳಿಗೂ ಮಿಕ್ಕು ಚಲಿಸಿತು. 2018ರ ಜೂನ್ 10ರಂದು, ಧೂಳಿನ ಬಿರುಗಾಳಿಯ ನಡುವೆ, ಅದರ ಸಂಪರ್ಕ ಕಡಿಯಿತು. ತನ್ನ ಶಕ್ತಿ ಕುಂದುತ್ತಿದೆ, ಕತ್ತಲೆ ಕವಿಯುತ್ತಿದೆಯೆಂದು ಅದು ಕಡೆಯದಾಗಿ ನುಡಿಯಿತೆಂಬ ಮಾತು 2019ರಲ್ಲಿ ಲೋಕವೆಲ್ಲ ಹಬ್ಬಿತು. ವಸ್ತುತಃ ಯಂತ್ರವು ಕಳುಹಿಸಿದುದು ವಿದ್ಯುಚ್ಛಕ್ತಿಯ ಹಾಗೂ ವಾಯುಮಂಡಲದ ಮಬ್ಬಿನ ಅಳತೆಗಳನ್ನು. ಅವಕ್ಕೆ ವಾಕ್ಯರೂಪವಿತ್ತವನು ಒಬ್ಬ ಪತ್ರಕರ್ತ. ಆತನದು ಭಾವಾನುವಾದ; ಅದನ್ನೇ ಮೂಲವೆಂದು ಉದ್ಧರಿಸಿದವರದು ದೋಷ. ಶಾಸನಪಾಠವನ್ನೂ ಅದರ ವ್ಯಾಖ್ಯಾನವನ್ನೂ ಬೇರ್ಪಡಿಸಿ ನೋಡಬೇಕೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುವೆವಷ್ಟೆ. ಆ ನಿಯಮ ಇಲ್ಲಿಯೂ ಸಲ್ಲಬೇಕು. 14 ವರ್ಷಗಳ ದುಡಿಮೆ ಒಂದು ಕಲ್ಪಿತ ವಾಕ್ಯದ ಮರೆಯಲ್ಲಿ ಅಡಗಬಾರದು. 2004ರಲ್ಲಿಯೇ ಅದು ಪರೀಕ್ಷಿಸಿದ ಹೆಮಟೈಟಿನ ಗುಂಡುಗಳು, ಅಲ್ಲಿ ಹಿಂದೆ ನೀರಿದ್ದಿತೆಂಬುದಕ್ಕೆ ಆಧಾರವಾದುವು. ಚರಿತ್ರಕಾರನು ಉದ್ಧರಿಸಬೇಕಾದುದು ಆ ಸಾಕ್ಷ್ಯವನ್ನು.